ಖಾಲಿ ಕೈಗೆ ಬೆಳಕು ಹಿಡಿಯುವ ಕೆಂಚವ್ವ

ಬಿಳಿಜಾಲಿಹಾಳದ ಹತ್ತಿ ಹೊಲಗಳ ಆಚೆ ಕೆಂಪು ಮೂಡುವ ಹೊತ್ತಿಗೆ ಕೆಂಚವ್ವ ಹಳೇ ವಾಡೆಯ ಕಟ್ಟೆಯ ಮೇಲೆ ಕುಳಿತು ಹಿತ್ತಾಳೆ ಗಂಗಾಳಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದಾಳೆ. ಹುಣಸೆಯಾದ ಮೇಲೆ ಒಲೆಯ ಬೂದಿ, ಬೂದಿಯಾದ ಮೇಲೆ ಹಳೇ ಧೋತರದ ತುಂಡು. ಈ ಗಂಗಾಳದಲ್ಲಿ ಉಂಡವರಿಲ್ಲ. ಕೆಂಚವ್ವನ ಅತ್ತೆಯ ಕಾಲದಿಂದಲೂ ಅದಕ್ಕೆ ಇರುವುದು ಒಂದೇ ಕೆಲಸ: ಬಿಸಿಲನ್ನು ಹಿಡಿದು ಒಳಗೆ ಕಳಿಸುವುದು.

ವಾಡೆಯ ಚಾವಡಿಗೆ ಕಿಟಕಿ ಇಲ್ಲ. ಮೂಡಣ ದಿಕ್ಕಿಗೆ ಒಂದು ಗಿಡ್ಡ ಬಾಗಿಲು, ಅಷ್ಟೇ. ಒಳಗೆ ಹೋದರೆ ಬಲಕ್ಕೆ ಉದ್ದನೆಯ ಗೋಡೆ. ಗೋಡೆಯ ತುಂಬ ಚಿತ್ರ. ಕುದುರೆಯ ಮೇಲೆ ದೇಸಾಯಿ, ಹಿಂದೆ ಆನೆ, ಈಟಿ ಹಿಡಿದವರು, ಕಹಳೆ ಊದುವವರು, ಕಾಳಿನ ರಾಶಿ, ರಾಶಿಯ ಸುತ್ತ ರೈತರು. ನೇರ ಬಿಸಿಲು ಎಂದೂ ತಾಗದ ಕಾರಣಕ್ಕೇ ಬಣ್ಣ ಉಳಿದಿದೆ. ಅದೇ ಕಾರಣಕ್ಕೆ ಕತ್ತಲಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ಎಣ್ಣೆ ದೀಪ ಹಿಡಿದರೆ ಹೊಗೆಗೆ ಗೋಡೆ ಕಪ್ಪಾಗುತ್ತದೆ ಎಂದು ಹಿಂದಿನವರೇ ಬೇಡವೆಂದಿದ್ದರು. ಹೀಗಾಗಿ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಿದ್ದ ಕೂಡಲೇ ಕೆಂಚವ್ವ ಅಲ್ಲಿ ಕುಕ್ಕುರುಗಾಲಲ್ಲಿ ಕೂತು ಗಂಗಾಳ ಓರೆ ಮಾಡುತ್ತಾಳೆ. ಮೊರದಗಲದ ಹಳದಿ ಬೆಳಕೊಂದು ಗೋಡೆ ಹತ್ತುತ್ತದೆ. ಆ ಬೆಳಕು ಎಲ್ಲಿ ನಿಲ್ಲುತ್ತದೋ ಅಷ್ಟೇ ಚಿತ್ರ.

ಕನ್ನಡಿ ಯಾಕೆ ಹಿಡಿಯುವುದಿಲ್ಲ ಎಂದು ಹೊಸಬರು ಕೇಳುತ್ತಾರೆ. "ಕನ್ನಡಿ ಬೆಳಕು ಬಡಿತೈತ್ರಿ. ಗಂಗಾಳದ್ದು ಸವರತೈತಿ," ಎನ್ನುತ್ತಾಳೆ.

ಇವತ್ತು ಮೊದಲ ಬಸ್ಸಿಗೆ ನವಲಗುಂದದಿಂದ ರಾಜಮಾಬಿ ಬಂದಿದ್ದಾಳೆ. ಜಮಖಾನೆ ನೇಯುವ ಮನೆಯವಳು.

"ಯಕ್ಕಾ, ಆನಿ ಮ್ಯಾಲಿನ ಝೂಲಕ್ಕ ಹಿಡಿ."

"ದೇಸಾಯರನ್ನ ನೋಡಂಗಿಲ್ಲೇನ?"

"ಅವರನ್ನ ತಗೊಂಡು ನಾ ಏನ್ ಮಾಡ್ಲಿ? ಅವರ ಅಂಗಿಗೆ ಅಂಚ ಇಲ್ಲ."

ರಾಜಮಾಬಿ ಆನೆಯ ಬೆನ್ನಿನ ಬಟ್ಟೆಯ ಪಟ್ಟೆಗಳನ್ನು ಬೆರಳ ಗೆಣ್ಣಿನಲ್ಲಿ ಎಣಿಸಿಕೊಂಡು ಬಾಗಿಲಾಚೆ ಹೋಗುತ್ತಾಳೆ. ಅವಳ ಹಿಂದೆ ಕಳೆ ತೆಗೆಯಲು ಹೊರಟ ಕೂಲಿ ಹೆಂಗಸರು ಬುತ್ತಿ ಗಂಟು ಹಿಡಿದು ನಿಂತಿದ್ದಾರೆ. ಅವರಿಗೆ ಕೆಂಚವ್ವ ಬೆಳಕನ್ನು ಕೆಳಕ್ಕೆ ಇಳಿಸುತ್ತಾಳೆ.

"ಮಾರಿ ನೋಡಬ್ಯಾಡ್ರಿ, ಕಾಲು ನೋಡ್ರಿ. ಬರದಾಂವ ಎಲ್ಲಾರಿಗೂ ಒಂದ ಮೂಗು, ಒಂದ ಮೀಸಿ ಕೊಟ್ಟಾನ. ಕಾಲಾಗ ಮಾತ್ರ ಖರೇ ಹೇಳ್ಯಾನ. ಇವರಿಗೆ ಚಡಾವು, ಮೂತಿ ಬಾಗಿದ್ದು. ಇವಗ ಚಪ್ಪಲಿ. ಇವಗ ಏನೂ ಇಲ್ಲ. ಈ ತುದಿಯಾಂವಂದ ಬೆರಳ ಅಗಲ ಆಗ್ಯಾವ, ನೋಡ್ರಿ, ಇಂವ ನಮ್ಮಾಂವ. ಕುರಿ ಹಿಂದ ನಡದ ಕಾಲು ಅವು."

"ಹೆಣ್ಮಕ್ಕಳ ಕಾಲು ಎಲ್ಲದಾವ ಬೇ?" ಎಂದು ಒಬ್ಬಳು ಕೇಳುತ್ತಾಳೆ.

"ಸೀರಿ ಕೆಳಗ ಮುಚ್ಯಾನ. ನಾವ ಎಲ್ಲಿ ನಡದೇವಿ ಅನ್ನೂದು ಅವಗೂ ಗೊತ್ತಿದ್ದಿಲ್ಲ," ಎಂದಾಗ ನಗು ಕತ್ತಲ ಚಾವಡಿಯಲ್ಲೆಲ್ಲ ಓಡಾಡುತ್ತದೆ.

ಕೆಂಚವ್ವ ಸಾಲಿ ಕಟ್ಟೆ ಹತ್ತಿದವಳಲ್ಲ. ಓದಿದ್ದೆಂದರೆ ಈ ಗೋಡೆ ಒಂದೇ. ಅತ್ತೆ ಸಾವಂತ್ರೆವ್ವ ಈ ಕೆಲಸ ಕಲಿಸಿದಳು. ಒಣ ಕಸಬರಿಗೆ ಆಡಿಸಿದರೆ ಧೂಳು ಎದ್ದು ಚಿತ್ರಕ್ಕೆ ಕೂರುತ್ತದೆ. ಬೇವಿನ ಸೊಪ್ಪು ಒದ್ದೆ ಮಾಡಿ ಹರವಿ, ಅದರ ಜೊತೆಗೇ ಕಸ ಎಳೆಯಬೇಕು. ಗೋಡೆಗೆ ಬೆನ್ನು ಕೊಟ್ಟು ಯಾರೂ ಕೂರದ ಹಾಗೆ ನೋಡಬೇಕು. ಇಷ್ಟಕ್ಕೆ ಸುಗ್ಗಿಯಲ್ಲಿ ಒಂದೊಂದು ಕಣಕ್ಕೂ ಹೋದರೆ ಮೊರ ತುಂಬ ಜೋಳ. ಬಿಸಿಲು ಹೊಸ್ತಿಲು ಬಿಟ್ಟು ಸರಿದ ಮೇಲೆ ಆಕೆಯೂ ಸೆರಗು ಬಿಗಿದು ಹತ್ತಿ ಬಿಡಿಸಲು ಹೋಗುವವಳೇ. ಅರವತ್ತು ದಾಟಿದೆ. ಮೊಣಕೈ ನೋಯುತ್ತದೆ. "ಬೆಳಕಿಗೆ ತೂಕ ಐತ್ರಿ. ಹಿಡಿಯೂ ತನಕ ಗೊತ್ತಾಗಂಗಿಲ್ಲ," ಎಂದು ಮೊಣಕೈ ಒತ್ತಿಕೊಳ್ಳುತ್ತಾಳೆ.

ಗೋಡೆಯ ಕೊನೆಯಲ್ಲಿ, ರಾಶಿಯನ್ನು ದಾಟಿ, ಒಬ್ಬ ಹೆಂಗಸು ದೇಸಾಯಿಗೆ ಎದುರಾಗಿ ನಿಂತಿದ್ದಾಳೆ. ಬಲಗೈ ಎತ್ತಿದ್ದಾಳೆ. ಆ ಅಂಗೈ ಇದ್ದ ಕಡೆ ಗಚ್ಚು ಉದುರಿ ಹೋಗಿದೆ. ಉಳಿದದ್ದು ಗುಳಿಬಿದ್ದ ಬಿಳೀ ಬೊಕ್ಕು. ಕೈಯಲ್ಲಿ ಏನಿತ್ತು, ಏನಾದರೂ ಇತ್ತೋ ಇಲ್ಲವೋ, ಕಂಡವರು ಯಾರೂ ಬದುಕಿಲ್ಲ.

"ತಡಿರಿ ಅಂತ ಕೈ ಮಾಡ್ಯಾಳ," ಎಂದು ಅತ್ತೆ ಹೇಳುತ್ತಿದ್ದಳು. ಸೊಸೆಯಾಗಿ ಬಂದ ಹೊಸತರಲ್ಲಿ ಕೆಂಚವ್ವನೂ ಹಾಗೇ ನಂಬಿದ್ದಳು. ಗಂಡ ಲಕ್ಷ್ಮಪ್ಪ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ದುಮ್ಮವಾಡದ ಕಡೆ ಗದ್ದೆಗಳಿಗೆ ಹೋಗುವವನು. ಆಗ ಆ ಕೈ 'ಹೋಗಿ ಬಾ' ಎನ್ನುತ್ತಿತ್ತು. ದಿನ ಕಳೆದಂತೆ 'ಬಾ, ಬಾ' ಎನ್ನತೊಡಗುತ್ತಿತ್ತು. ಒಂದು ವರ್ಷ ಕುರಿಗಳು ಬಂದವು, ಲಕ್ಷ್ಮಪ್ಪ ಬರಲಿಲ್ಲ. ಅಲ್ಲೇ ಜ್ವರ ಬಂದು ತೀರಿಹೋಗಿದ್ದ. ಆ ಮೇಲೆ ಎಷ್ಟೋ ದಿನ ಕೆಂಚವ್ವ ಬೆಳಕನ್ನು ಆ ಕಡೆಗೆ ಒಯ್ಯಲಿಲ್ಲ. ಒಯ್ದ ದಿನ ಆ ಕೈ ಏನೂ ಹೇಳಲಿಲ್ಲ. ಸುಮ್ಮನೆ ಖಾಲಿ ಇತ್ತು. "ಅವತ್ತ ನನಗ ಅದ ಬೇಕಾಗಿತ್ರಿ," ಎನ್ನುತ್ತಾಳೆ.

ಊರಿನವರೂ ಆ ಕೈಗೆ ತಮ್ಮ ತಮ್ಮದನ್ನು ಕೊಟ್ಟುಕೊಂಡಿದ್ದಾರೆ. ವಾಡೆಯ ಒಡೆಯರಾದ ಕುಬೇರಪ್ಪಗೌಡರ ಮನೆತನಕ್ಕೆ ಅದು ಆರತಿ ತಾಟು. ದೇಸಾಯರು ಕಾಳು ದಾನ ಮಾಡುತ್ತಿದ್ದಾರೆ, ಊರ ಹೆಣ್ಣುಮಗಳು ಆರತಿ ಎತ್ತಿದ್ದಾಳೆ. ಎಂಬತ್ತನೇ ಇಸವಿಯಲ್ಲಿ ಈ ಸೀಮೆಯ ರೈತರು ನೀರಿನ ಕರದ ವಿರುದ್ಧ ಎದ್ದು ನಿಂತ ಮೇಲೆ ಹೊಸ ಕಣ್ಣುಗಳು ಬಂದವು. ಹಸಿರು ಟವೆಲ್ ಹೊದ್ದ ಭರಮಪ್ಪ ಗೆಳೆಯರನ್ನು ಕಟ್ಟಿಕೊಂಡು ಬಂದು ನೋಡಿ, "ದಾನ ಎಲ್ಲಿದ್ರೀ? ಕರ ಎಳಿಯಾಕತ್ತಾರ. ಅಕಿ ಕುಡಗೋಲು ಎತ್ಯಾಳ," ಎಂದ.

ಕೆಂಚವ್ವ ಇಬ್ಬರಿಗೂ ಬೆಳಕು ಹಿಡಿದಳು. "ಕಾಳು ಕೊಡಾಕತ್ತಾರೋ ಒಯ್ಯಾಕತ್ತಾರೋ ನಾ ಹ್ಯಾಂಗ ಹೇಳ್ಲಿ? ಚಿತ್ರದಾಗ ರಾಶಿ ಅಳ್ಳಾಡಂಗಿಲ್ಲ."

ಹೋದ ದೀಪಾವಳಿಗೆ ಮುಂಚೆ ಕುಬೇರಪ್ಪಗೌಡರಿಗೆ ಚಿತ್ರಕ್ಕೆಲ್ಲ ಹೊಸ ಬಣ್ಣ ಹೊಡೆಸುವ ಮನಸ್ಸಾಯಿತು. ಬೀಗರು ಬರುವವರಿದ್ದರು. ನವಲಗುಂದದಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂದಿನ ಗಿಳಿ, ಎತ್ತಿನ ಕೋಡು ಎಲ್ಲ ಬರೆಯುವ ಕುತುಬುದ್ದೀನನನ್ನು ಕರೆಸಿದರು. ಕೈ ಚಲೋ ಇದ್ದವನು. ಮೊದಲ ದಿನ ದೇಸಾಯರ ಕುದುರೆಯ ಬಾಲಕ್ಕೆ ಕರೀ ಎಣ್ಣೆಬಣ್ಣ ಕೊಟ್ಟ. ಬಾಲ ಮಿಂಚಿತು. ಆಮೇಲೆ ಗೋಡೆಯ ಕೊನೆಗೆ ಬಂದು ಬ್ರಷ್ಷು ಕಿವಿಗೆ ಸಿಕ್ಕಿಸಿ ಕೇಳಿದ: "ಗೌಡ್ರ, ಈ ಕೈಯಾಗ ಏನು ಬರೀಲಿ?"

"ಆರತಿ ತಾಟು," ಎಂದರು ಗೌಡರು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮರುದಿನ ಹೊತ್ತು ಹುಟ್ಟುವಾಗ ಚಾವಡಿಯ ಮುಂದೆ ಒಂದು ಕಡೆ ಗೌಡರು, ಇನ್ನೊಂದು ಕಡೆ ಭರಮಪ್ಪ ಮತ್ತು ಅವನ ಓರಗೆಯವರು. ಕೆಂಚವ್ವ ಗಂಗಾಳ ಹಿಡಿದು ನಡುವೆ ಸಿಕ್ಕಿಬಿದ್ದಳು.

"ಗೌಡ್ರ, ತಾಟು ಬರಿಸಿದ್ರ ನಾವು ಸುಮ್ನ ಕುಂಡ್ರಂಗಿಲ್ಲ. ಅದು ಕುಡಗೋಲು. ಈ ಯವ್ವಾನ ಹೇಳ್ಯಾಳ."

"ಏನು? ಕೆಂಚವ್ವಾ, ನಮಗ ತಾಟು ಅಂದಿ, ಇವರಿಗೆ ಕುಡಗೋಲು ಅಂದೀ? ಎರಡ ನಾಲಗಿ ಎಲ್ಲಿಂದ ತಂದಿ ಬೇ?"

"ನಾ ಯಾವುದೂ ಅಂದಿಲ್ರಿ ಗೌಡ್ರ. ನೀವು ತಾಟು ಅಂದ್ರಿ, ನಾ ಬೆಳಕ ಹಿಡದೆ. ಇಂವ ಕುಡಗೋಲು ಅಂದ, ಅವಗೂ ಹಿಡದೆ. ಅಲ್ಲ ಅನ್ನಾಕ ನಾ ಏನು ಬರದಾಂವನ ಮಗಳೇನು?"

"ಹಂಗಾರ ಈಗ ಹೇಳು. ಯಾವುದು ಖರೇ?" ಎಂದರು ಗೌಡರು.

ಕೆಂಚವ್ವನ ಭಯವೇ ಬೇರೆ. ತಾಟು ಬರೆದರೂ ಅಷ್ಟೇ, ಕುಡಗೋಲು ಬರೆದರೂ ಅಷ್ಟೇ. ಒಮ್ಮೆ ಎಣ್ಣೆಬಣ್ಣ ಬಿದ್ದರೆ ಆ ಕೈ ಇನ್ನು ಯಾರಿಗೂ 'ಹೋಗಿ ಬಾ' ಅನ್ನುವುದಿಲ್ಲ, 'ಬಾ' ಅನ್ನುವುದಿಲ್ಲ, ದುಃಖದವರ ಎದುರು ಸುಮ್ಮನೆ ಇರುವುದೂ ಇಲ್ಲ. ಆಮೇಲೆ ತಾನು ದಿನಾ ಬೆಳಗ್ಗೆ ಹಿಡಿಯುವ ಬೆಳಕು ಯಾರಿಗಾಗಿ?

ಗೌಡರು ಬೀಗದ ಕೈ ಎತ್ತಿ ತೋರಿಸಿದರು. "ಗ್ವಾಡಿ ನಂದು. ತಾಟು ಬರೀಲಿಕ್ಕೆ ಬಿಡೂದಿಲ್ಲಂದ್ರ ಚಾವಡಿಗೆ ಬೀಗ. ಚಿತ್ರಾನೂ ಬ್ಯಾಡ, ಗಂಗಾಳಾನೂ ಬ್ಯಾಡ."

"ಹಚ್ರಿ ಬೀಗ! ಮುರಿಯೂದು ನಮಗೂ ಗೊತ್ತೈತಿ," ಎಂದ ಭರಮಪ್ಪ.

ಆಗ ಕೆಂಚವ್ವ ಕುತುಬುದ್ದೀನನ ಕಡೆ ತಿರುಗಿದಳು. "ತಮ್ಮಾ, ಬಣ್ಣ ಇರಲಿ. ಮೊದಲ ಇದ್ದಲಿಲೆ ಗೀಚು. ಅಳಸಾಕ ಬರತೈತಿ. ಗೌಡ್ರದು ಮೊದಲು. ನೋಡೂಣು, ಅಕಿಗೆ ಒಪ್ಪತೈತೋ ಇಲ್ಲೋ."

ಇದಕ್ಕೆ ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಕುತುಬುದ್ದೀನ ಏಣಿ ಹತ್ತಿ ಬಿಳೀ ಬೊಕ್ಕಿನೊಳಗೆ ತಾಟು ಗೀಚಿದ, ಎರಡು ದೀಪದ ಕುಡಿ ಇಟ್ಟ. ಕೆಂಚವ್ವ ಬೆಳಕು ಹಿಡಿದಳು. ಎಲ್ಲರೂ ನೋಡುತ್ತ ನಿಂತಿರುವಾಗ ಹಿಂದಿನಿಂದ ಕೋಲು ಊರುವ ಸಪ್ಪಳ ಬಂತು. ಗೌಡರ ತಾಯಿ ಗೌರಕ್ಕ. ಎಂಬತ್ತರ ಹತ್ತಿರದ ಜೀವ.

"ಅವ್ವಾ, ನೀ ಯಾಕ ಬಂದಿ? ಇದು ಗಂಡಸರ ಮಾತು."

"ಗ್ವಾಡಿ ನಿಂದಾದ್ರ ನೀ ಯಾರಾಂವಲೇ?" ಎಂದು ಗೌರಕ್ಕ ಕೆಂಚವ್ವನ ಬಾಜು ಕುಳಿತು, ಕಣ್ಣು ಕಿರಿದು ಮಾಡಿ ನೋಡಿದಳು. ನೋಡಿ, "ಯಾರಲೇ ಅಕಿ ಕೈಗೆ ತಾಟು ಕೊಟ್ಟಾಂವ?" ಎಂದಳು.

ಗೌರಕ್ಕ ಮುಂದುವರಿಸಿದಳು. "ನಾ ಸಣ್ಣಾಕಿದ್ದಾಗ ಲಗ್ನಾಗಿ ಬಂದೆ. ನನ್ನ ಬಿಟ್ಟು ತವರಿನ ಬಂಡಿ ಹೊಳ್ಳಿ ಹೋಗೂ ಮುಂದ ಕೈ ಮಾಡಬೇಕಂತ ಜೀವ ಬಡಕೊಂತು. ಅತ್ತಿ ಬಾಜೂಕ ನಿಂತಿದ್ಲು. ಮಾಡಲಿಲ್ಲ. ಮರುದಿನ ಗಂಡಸರು ಏಳೂಕಿಂತ ಮೊದಲ ಇಲ್ಲಿ ಬಂದೆ. ಇಕಿ ಅತ್ತಿ ಸಾವಂತ್ರೆವ್ವ ಬೆಳಕ ಹಿಡದ್ಲು. ನೋಡ್ತೀನಿ, ನಾ ಮಾಡದ ಕೈ ಅಕಿ ಮಾಡಾಕತ್ತಾಳ! ಅವತ್ತಿನಿಂದ ನನ್ನ ಬದಲಿ ಅಕಿನ ನನ್ನ ತವರಿಗೆ ಕೈ ಮಾಡಕೋತ ನಿಂತಾಳ. ಕೈಯಾಗ ತಾಟು ಇಟ್ರ ಹ್ಯಾಂಗ ಕೈ ಮಾಡ್ತಾಳೋ ಕುಬೇರಾ? ದೀಪ ಬೀಳಂಗಿಲ್ಲೇನು?"

ಭರಮಪ್ಪ ಮುಸಿಮುಸಿ ನಕ್ಕ. ಗೌರಕ್ಕ ಕೋಲು ಆ ಕಡೆ ತಿರುಗಿಸಿದಳು. "ನೀ ಹಲ್ಲು ಕಿಸೀಬ್ಯಾಡಲೇ. ಕುಡಗೋಲು ಬೀಸಿದ್ರ ನನ್ನ ತವರಿನವರು ಬಂಡಿ ಬಿಟ್ಟು ಓಡ್ತಾರ!"

ಚಾವಡಿಗೆ ಚಾವಡಿಯೇ ನಕ್ಕಿತು, ಭರಮಪ್ಪನೂ ನಕ್ಕ. ಗೌಡರು ಮಾತ್ರ ತಾಯಿಯ ಮುಖವನ್ನೇ ನೋಡುತ್ತ ನಿಂತರು. ತಾಯಿಯ ತವರಿಗೆ ತಾವು ಎಷ್ಟು ಸಲ ಹೋಗಿದ್ದರೋ. ಈ ಮಾತು ಮಾತ್ರ ಇವತ್ತೇ ಕೇಳಿದ್ದು. ಆಮೇಲೆ "ಕುತುಬು, ಅಳಸು," ಎಂದರು.

"ಅಳಸಿ ಏನು ಬರೀಲಿ?"

ಗೌಡರು ಭರಮಪ್ಪನ ಕಡೆ ನೋಡಿದರು. ಭರಮಪ್ಪ ತಲೆ ಕೆರೆದುಕೊಂಡು, "ಏನೂ ಬ್ಯಾಡ ಬಿಡ್ರಿ. ನನಗಂತೂ ಅದು ಕುಡಗೋಲ. ನನ್ನ ಕಣ್ಣಾಗ ಐತಿ, ಗ್ವಾಡಿ ಮ್ಯಾಲೆ ಯಾಕ," ಎಂದ.

ಕುತುಬುದ್ದೀನ ಕೆಂಚವ್ವ ಹೇಳಿದ ಹಾಗೆ ಬೊಕ್ಕಿನ ಅಂಚಿಗೆ ಮಾತ್ರ ಸುಣ್ಣದ ಗಾರೆ ಹಚ್ಚಿದ, ಇನ್ನಷ್ಟು ಉದುರದಿರಲಿ ಎಂದು. ನಡುವೆ ಮುಟ್ಟಲಿಲ್ಲ. ಉಳಿದ ಚಿತ್ರಕ್ಕೂ ಹೊಸ ಬಣ್ಣ ಬೇಡವೆಂದಾಯಿತು. ದೇಸಾಯರ ಹಳೇ ಕುದುರೆಗೆ ಹೊಸ ಬಾಲವೊಂದು ಉಳಿಯಿತು. ಬೀಗರು ಬಂದಾಗ ಮೊದಲು ಕಂಡದ್ದೂ ಅದೇ.

ಗಲಾಟೆ ತಣ್ಣಗಾದ ಮೇಲೆ ಒಂದು ಬೆಳಗ್ಗೆ ಕುಬೇರಪ್ಪಗೌಡರು ಒಬ್ಬರೇ ಬಂದರು. "ಅವತ್ತ ಬಾಯಿಗೆ ಬಂದಂಗ ಅಂದೆ ಕೆಂಚವ್ವ. ಈ ಸುಗ್ಗಿಗೆ ನಮ್ಮ ಕಣದಿಂದ ಜ್ವಾಳ ಹೆಚ್ಚಿಗಿ ಒಯ್ಯಿ."

"ಜ್ವಾಳ ಇರಲ್ರಿ. ಒಂದು ಕೇಳತೀನಿ, ನಡಸ್ತೀರೇನು?"

"ಕೇಳು."

"ನಾ ಈ ಚಿತ್ರಾನ ಯಾವಾಗ್ಲೂ ಬಾಗಲದಾಗ ಕುಂತು ಓರೆ ನೋಡೇನ್ರಿ. ಬೆಳಕ ಹಿಡದಾಕಿಗೆ ಎದುರು ಕುಂದರಾಕ ಬರಂಗಿಲ್ಲ. ಒಂದ ಸಲ ನೀವು ಹಿಡಿತೀರೇನು? ನಾ ಒಳಗ ಕುಂದರತೀನಿ."

ಗೌಡರು ಹೊರಗೆ ಯಾರಾದರೂ ಇದ್ದಾರೇನೋ ಎಂದು ನೋಡಿದರು. ಆಮೇಲೆ ಧೋತರ ಮೇಲೆತ್ತಿ ಹೊಸ್ತಿಲ ಒಳಗಿನ ಬಿಸಿಲಲ್ಲಿ ಕೂತು ಗಂಗಾಳ ಹಿಡಿದರು. ಬೆಳಕು ಮಾಳಿಗೆಯ ತೊಲೆಗೆ ಹಾರಿತು, ಮೂಲೆಗೆ ಬಿತ್ತು, ಕಹಳೆಯವನ ತಲೆ ಮೇಲೆ ಕುಣಿಯಿತು.

"ಕೆಳಗ್ರಿ ಗೌಡ್ರ. ಇನ್ನಷ್ಟು. ಅಷ್ಟಲ್ಲ... ಹಾಂ, ಎಡಕ್ಕ. ಮೊಣಕೈ ಮೊಣಕಾಲಿಗೆ ಆನಸ್ರಿ, ನಡಗಂಗಿಲ್ಲ."

ಬೆಳಕು ನಿಂತಿತು. ಖಾಲಿ ಕೈಯ ಎದುರು ಕೆಂಚವ್ವ ಕಾಲು ಚಾಚಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಗೌಡರಿಗೆ ತಡೆಯಲಾಗಲಿಲ್ಲ.

"ಏನಂತಾಳ ಬೇ ಅಕಿ ನಿನಗ?"

"ಇಷ್ಟ ವರ್ಷ ಎಲ್ಲಾರಿಗೂ ಹಿಡದೇನ್ರಿ ಗೌಡ್ರ, ಒಬ್ಬರಿಗೂ ಹಂಗ ಕೇಳಿಲ್ಲ," ಎಂದಳು ಕೆಂಚವ್ವ, ಗೋಡೆಯಿಂದ ಕಣ್ಣು ತೆಗೆಯದೆ. "ಸುಮ್ನ ಹಿಡಕೊಂಡು ಕುಂದರ್ರಿ. ಬಿಸಿಲು ಹೊಂಟೈತಿ."