ಗರಗಸನ ಬಲಗೈ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಆ ಐವತ್ತಾರರ ಮನುಷ್ಯನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಪ್ಪತ್ತೆರಡಕ್ಕೆ ಅಂಟಿದ ‘ಗರಗಸ’ ಎಂಬ ಅಡ್ಡಹೆಸರೇ ನಿಂತುಬಿಟ್ಟಿತ್ತು. ಗಾಜಿನ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಗಿಟಾರ್ ಹಿಡಿದಾಗ ಅವನ ಬಲಗೈ ಮಣಿಕಟ್ಟು ತಂತಿಗಳ ಮೇಲೆ ಹೋಗಿ ಬರುತ್ತಿದ್ದ ಪರಿ ಹಾಗಿತ್ತು. ಮರ ಕೊಯ್ಯುವವರೂ ನಡುವೆ ಒಮ್ಮೆ ದಣಿವಾರಿಸಿಕೊಳ್ಳುತ್ತಾರೆ, ಇವನು ಅದನ್ನೂ ಮಾಡುತ್ತಿರಲಿಲ್ಲ.

ಆಗ ಅವರು ನಾಲ್ವರು. ಹಾಡುವವನು ಗರಗಸನ ಸಹಪಾಠಿ. ಮುಂದೆ ಗರಗಸ ಅವನ ತಂಗಿಯನ್ನು ಮದುವೆಯಾದದ್ದರಿಂದ ಅವನು ಇವನಿಗೆ ಭಾವನಾದ. ಅವರು ಬಾರಿಸುತ್ತಿದ್ದದ್ದು ಥ್ರ್ಯಾಶ್ ಮೆಟಲ್. ಅದೇನೆಂದು ನೆರೆಯವರು ಕೇಳಿದಾಗ ಗರಗಸನ ಅತ್ತೆ, “ಡ್ರಮ್ಮು ಓಡುತ್ತೆ, ಗಿಟಾರು ಅದನ್ನ ಅಟ್ಟಿಸ್ಕೊಂಡು ಹೋಗುತ್ತೆ, ನನ್ನ ಮಗ ಎರಡನ್ನೂ ಬೈತಾನೆ” ಎಂದು ಹೇಳುತ್ತಿದ್ದರು. ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದಿಲ್ಲ.

ಮೊದಲ ಆಲ್ಬಂ ಅನ್ನು ಮುಚ್ಚಿಹೋದ ಬೇಕರಿಯೊಂದರ ಹಿಂಭಾಗದಲ್ಲಿ ನಾಲ್ಕೇ ದಿನಗಳಲ್ಲಿ ಮುಗಿಸಿದ್ದರು. ಡ್ರಮ್ಮಿನವನು ಆ ವಾರ ತಂದೆಯೊಡನೆ ಜಗಳವಾಡಿ ಮನೆ ಬಿಟ್ಟಿದ್ದ. ಆ ಸಿಟ್ಟಿನಲ್ಲಿ ಪ್ರತಿ ಹಾಡೂ ಕೊನೆಗೆ ಬರುವಷ್ಟರಲ್ಲಿ ಓಟ ಕಿತ್ತಿತ್ತು. ನಾಲ್ಕನೆಯ ಹಾಡಿನಲ್ಲಿ ಗರಗಸನ ಬೆರಳು ಜಾರಿ, ಮುಟ್ಟಬಾರದ ತಂತಿಯೊಂದು ಗುಂಯ್ ಎಂದಿತ್ತು. ಮತ್ತೆ ಬಾರಿಸಲು ಸಮಯವಿರಲಿಲ್ಲ, ಹಾಗೆಯೇ ಬಿಟ್ಟರು. ಆ ಆಲ್ಬಂ ಹತ್ತಾರು ಊರುಗಳ ಹುಡುಗರ ಕೋಣೆಗಳನ್ನು ಸೇರಿತು. ಅದರ ನಂತರ ಅವರು ಇನ್ನೂ ಏಳು ಆಲ್ಬಂ ಮಾಡಿದರು. ಎರಡು ನಿಜಕ್ಕೂ ಮೊದಲಿನದಕ್ಕಿಂತ ಚೆನ್ನಾಗಿದ್ದವು. ಕೇಳುವವರಿಲ್ಲ. ವೇದಿಕೆಯ ಮೇಲೆ ಹೊಸ ಹಾಡು ಶುರುವಾಯಿತೆಂದರೆ ಜನ ಶೌಚಾಲಯದ ಸಾಲಿಗೆ ಹೋಗಿ ನಿಲ್ಲುತ್ತಿದ್ದರು; ಮೊದಲ ಆಲ್ಬಂನ ಹಾಡು ಬಂದರೆ ಓಡಿ ಬರುತ್ತಿದ್ದರು. ಹೀಗೆ ಮೂವತ್ನಾಲ್ಕು ವರ್ಷ ಅವೇ ಎಂಟು ಹಾಡುಗಳನ್ನು ಬಾರಿಸಿದ ಮೇಲೆ ಗರಗಸನ ಕೈ ಕೈಕೊಟ್ಟಿತು.

ಮೊದಲು ಹೆಬ್ಬೆರಳ ಬುಡದಲ್ಲಿ ಜೋಮು, ಆಮೇಲೆ ನೋವು. ಲೆನ್ಸು ಹಿಡಿಯುವಾಗಲೂ ಎರಡು ಬೆರಳು ಮರಗಟ್ಟತೊಡಗಿದಾಗ ಹೆಂಡತಿ ಬಲವಂತವಾಗಿ ಫಿಸಿಯೋಥೆರಪಿಗೆ ಕಳಿಸಿದಳು. ಅಲ್ಲಿದ್ದವಳು ಮೂವತ್ತರ ಆಸುಪಾಸಿನ ಹೆಂಗಸು. ಮಣಿಕಟ್ಟನ್ನು ಹಿಂದೆ ಮುಂದೆ ಬಾಗಿಸಿ ನೋಡಿ ಕೇಳಿದಳು:

“ಏನು ಕೆಲಸ ಮಾಡ್ತೀರಿ?”

“ಕನ್ನಡಕದ ಗಾಜು ಉಜ್ತೀನಿ.”

“ಗಾಜು ಉಜ್ಜಿದ್ರೆ ಕೈ ಇಷ್ಟು ಸವೆಯಲ್ಲ. ಗಿಟಾರ್ ಬಾರಿಸ್ತೀನಿ ಅಂತ ಹೇಳೋಕೆ ನಾಚಿಕೆನಾ ಸರ್?”

ಅವನು ತಲೆಯೆತ್ತಿ ನೋಡಿದ. ಅವಳ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಅವಳದೂ ಒಂದು ಥ್ರ್ಯಾಶ್ ಬ್ಯಾಂಡು, ಶುರುವಾಗಿ ಆರು ವರ್ಷ. ಗರಗಸ ಅದನ್ನು ಕೇಳಿದ್ದ. ಹೊಸಬರ ಕೈ ಎಷ್ಟು ಚುರುಕು, ಎಷ್ಟು ಶುಚಿ ಎಂದು ಒಳಗೊಳಗೇ ಹೊಟ್ಟೆ ಉರಿದುಕೊಂಡೂ ಇದ್ದ.

“ನಿಮ್ಮದು ಗೀರು ಬೀಳದ ಗಾಜು ಇದ್ದ ಹಾಗೆ ಡಾಕ್ಟರಮ್ಮ. ನಮ್ಮ ಕಾಲದಲ್ಲಿ ನಮಗೆ ಅಷ್ಟು ನೀಟಾಗಿ ಬಾರಿಸೋಕೆ ಬರ್ತಿರಲಿಲ್ಲ.”

“ನಾನು ಡಾಕ್ಟರಲ್ಲ. ನಾಲ್ಕನೇ ಹಾಡಿನಲ್ಲಿ ಒಂದು ತಂತಿ ಗುಂಯ್ ಅನ್ನುತ್ತಲ್ಲ, ಅದನ್ನ ಕಲಿಯೋಕೆ ನನಗೆ ಒಂದು ತಿಂಗಳು ಹಿಡೀತು.”

“ಅದು ಬೆರಳು ಜಾರಿದ್ದು.”

ಅವಳ ಕೈ ನಿಂತಿತು. “ತಪ್ಪಾ?”

“ತಪ್ಪೇ.”

ಅವಳು ನಕ್ಕಳು. “ಈಗ ಬಿಡೋಕೂ ಆಗಲ್ಲ. ಬಿಟ್ರೆ ನಾನೇ ತಪ್ಪು ಬಾರಿಸಿದೆ ಅಂತಾರೆ.” ಅವನು ಹೊರಡುವಾಗ ಗಂಭೀರವಾಗಿಯೇ ಹೇಳಿದಳು: “ಆರು ತಿಂಗಳು ಗಿಟಾರ್ ಮುಟ್ಟಬೇಡಿ. ಮುಟ್ಟಿದ್ರೆ ಮುಂದೆ ಮುಟ್ಟೋ ಪ್ರಶ್ನೆನೇ ಬರಲ್ಲ.”

ಮನೆಯಲ್ಲಿ ಈ ಮಾತು ನಡೆಯಲಿಲ್ಲ. ಭಾವನ ಹೆಂಡತಿ ತೀರಿಕೊಂಡ ಮೇಲೆ ಅವನು ಇವರ ಮಹಡಿಯ ಕೋಣೆಯಲ್ಲೇ ಇದ್ದ. ಊಟದ ಮೇಜಿನಲ್ಲಿ ವಿಷಯ ತೆಗೆದಾಗ ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ಅವರು ಕರೆಯೋದು ನಿನ್ನ ಕೈನ ಕಣೋ. ನಾನು ಅದರ ಜೊತೆ ಬರೋ ಗಂಟಲು. ಈ ಬೇಸಿಗೆ ಒಂದು ಮುಗಿಸಿಬಿಡು.” ಆಮೇಲೆ ಅಡುಗೆಮನೆಯಲ್ಲಿ ಹೆಂಡತಿ ತಗ್ಗಿದ ದನಿಯಲ್ಲಿ, “ಅಣ್ಣನಿಗೆ ಇದು ಬಿಟ್ರೆ ಇನ್ನೇನಿದೆ ಹೇಳಿ” ಎಂದಳು. ಅವಳು ಕೇಳಿದ್ದು ಅಷ್ಟೇ. ಅದಕ್ಕೆ ಇಲ್ಲವೆನ್ನುವುದು ಅವನಿಂದಾಗಲಿಲ್ಲ.

ಹಳೆಯ ರೈಲು ಕಾರ್ಯಾಗಾರದ ಅಂಗಳದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಮೂರಕ್ಕೆ ಫಿಸಿಯೋಳ ಬ್ಯಾಂಡು, ಐದಕ್ಕೆ ಇವರದು. ಮೂರನೆಯ ಹಾಡಿನ ನಡುವೆ ಗರಗಸನ ಬೆರಳುಗಳು ಹಿಡಿದುಕೊಂಡವು. ತಂತಿ ಮೀಟುವ ಪಿಕ್ ಕೆಳಗೆ ಬಿತ್ತು. ಭಾವನಿಗೆ ಬೆನ್ನ ಹಿಂದೆ ನಡೆದದ್ದು ತಿಳಿಯಲಿಲ್ಲ. ಎರಡು ಸಾವಿರ ಜನರೆದುರು ಗರಗಸ ಕಲ್ಲಾಗಿ ನಿಂತಿದ್ದಾಗ, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಗಿಟಾರ್ ಮತ್ತೆ ಕೇಳಿಸತೊಡಗಿತು. ತಿರುಗಿ ನೋಡಿದರೆ, ಸ್ಪೀಕರ್ ಪೆಟ್ಟಿಗೆಗಳ ಮರೆಯಲ್ಲಿ ಫಿಸಿಯೋ ಅವನ ಇನ್ನೊಂದು ಆಂಪ್ಲಿಫೈಯರಿಗೆ ತನ್ನ ವೈರು ಸಿಕ್ಕಿಸಿ ಬಾರಿಸುತ್ತಿದ್ದಳು. ಇಪ್ಪತ್ತೆರಡರ ತನ್ನ ಕೈಯನ್ನೇ ಅವನು ಕೇಳುತ್ತಿದ್ದ. ಆದರೆ ಅದಕ್ಕಿಂತ ಚೊಕ್ಕವಾಗಿ. ಅವನು ಗಿಟಾರಿನ ದನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಕೈ ಆಡಿಸುತ್ತ ನಿಂತ. ನಾಲ್ಕನೆಯ ಹಾಡಿನಲ್ಲಿ ತಂತಿ ಗುಂಯ್ ಎಂದಾಗ ಇಡೀ ಅಂಗಳ ಅವನ ಹೆಸರು ಕೂಗಿತು.

ಅವತ್ತು ಒಂದು ದಿನಕ್ಕೆ ಎಂದುಕೊಂಡದ್ದು ಎರಡು ವರ್ಷವಾಯಿತು. ಭಾವನೇ ಹೋಗಿ ಅವಳನ್ನು ಕೇಳಿಕೊಂಡ. ಅವಳು ಒಪ್ಪಿದ್ದು ಗರಗಸನಿಗೆ ಅರ್ಥವಾಗಲಿಲ್ಲ. ಕೇಳಿಯೇಬಿಟ್ಟ.

“ನಮ್ಮನ್ನ ನೋಡೋಕೆ ಇನ್ನೂರು ಜನ ಬರ್ತಾರೆ ಸರ್,” ಎಂದಳು ಅವಳು, ಅವನ ಕೈಗೆ ಬಿಸಿಯ ಚೀಲ ಇಡುತ್ತ. “ನಾವು ನಿಮ್ಮ ಥರ ಇದೀವೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ. ನಾನು ನಾಲ್ಕು ನಿಧಾನದ ಹಾಡು ಮಾಡಿದೀನಿ. ನಮ್ಮವರೇ ಬಾರಿಸಲ್ಲ, ಇದು ಥ್ರ್ಯಾಶ್ ಅಲ್ಲ ಅಂತಾರೆ. ಪೆಟ್ಟಿಗೆ ಹಿಂದೆ ನಿಂತ್ರೆ ಯಾರ ಥರ ಅಂತ ಯಾರೂ ಕೇಳಲ್ಲ. ನೀವೇ ಆಗಿರ್ತೀನಲ್ಲ.”

“ನನಗೆ ನನ್ನ ಹಳೇ ಹಾಡಿನಿಂದ ಬಿಡುಗಡೆ ಇಲ್ಲ, ಸರಿ. ನಿಮಗ್ಯಾಕೆ?”

“ನೀವು ಇಪ್ಪತ್ತೆರಡಕ್ಕೆ ಮಾಡಿದ್ದನ್ನೇ ನಾವೂ ಮಾಡ್ಲಿ ಅಂತ ಜನ ಕಾಯ್ತಾರೆ. ನಿಮಗಾದ್ರೂ ಅದು ನಿಮ್ಮ ವಯಸ್ಸು.”

ಆ ಎರಡು ವರ್ಷ ಗರಗಸ ಹತ್ತೊಂಬತ್ತು ವೇದಿಕೆಗಳಲ್ಲಿ ದನಿಯಿಲ್ಲದ ಗಿಟಾರ್ ಹೊತ್ತು ನಿಂತ. ಇಳಿದು ಬರುವಾಗ ಜನ ಅವನ ಬಲಗೈಯನ್ನೇ ಹಿಡಿದು ಕುಲುಕುತ್ತಿದ್ದರು. ನೋವಿಗಿಂತ ಹೆಚ್ಚಾಗಿ ನಾಚಿಕೆಗೆ ಅವನು ಹಲ್ಲು ಕಚ್ಚುತ್ತಿದ್ದ. ಸಂಗೀತದ ಪತ್ರಿಕೆಯೊಂದು ಹಳಬರನ್ನೂ ಹೊಸಬರನ್ನೂ ಹೋಲಿಸಿ ದೊಡ್ಡ ಲೇಖನ ಪ್ರಕಟಿಸಿತು. ‘ಹೊಸಬರದು ಯಂತ್ರದ ಕೈ, ಗರಗಸನದು ಮನುಷ್ಯನ ಕೈ’ ಎಂಬ ಸಾಲಿನ ಪಕ್ಕ ಅವನ ಫೋಟೊ; ಬರೆದವನು ಮೆಚ್ಚಿದ್ದು ತೀರಾ ಇತ್ತೀಚಿನ ಕಾರ್ಯಕ್ರಮವನ್ನು. ಅಂಗಡಿಯ ಮಾಲೀಕರು ಅದಕ್ಕೆ ಚೌಕಟ್ಟು ಹಾಕಿಸಿ, ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆಯ ಪಕ್ಕದಲ್ಲೇ ತೂಗುಹಾಕಿದರು. ಅಕ್ಷರ ಓದಲು ಕೂತವರು ಒಂದು ಕಣ್ಣು ಮುಚ್ಚಿ ಅದನ್ನೂ ಓದುತ್ತಿದ್ದರು.

ಇಪ್ಪತ್ತನೆಯ ಕಾರ್ಯಕ್ರಮದಲ್ಲಿ, ಮೂರನೆಯ ಹಾಡು ಮುಗಿದಾಗ, ಅವನು ಭಾವನ ಕೈಯಿಂದ ಮೈಕು ತೆಗೆದುಕೊಂಡ. ಮೂವತ್ತಾರು ವರ್ಷಗಳಲ್ಲಿ ಅವನು ಮೈಕಿನಲ್ಲಿ ಮಾತಾಡಿದ್ದು ಅದೇ ಮೊದಲು.

“ಎರಡು ವರ್ಷದಿಂದ ನಾನು ಬಾರಿಸ್ತಾ ಇಲ್ಲ,” ಎಂದ. “ನನ್ನ ಕೈ ಹೋಗಿದೆ. ನೀವು ಕೇಳ್ತಾ ಇರೋದು ಬೇರೆಯವರನ್ನ.”

ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಬೋಳುತಲೆಯವನೊಬ್ಬ ಕಣ್ಣೊರೆಸಿಕೊಳ್ಳುತ್ತ, “ನಂದೂ ಹೋಗಿದೆ ಗುರುವೇ, ಬಾರಿಸು” ಎಂದು ಕೂಗಿದ. ಗರಗಸ ಪೆಟ್ಟಿಗೆಗಳ ಹಿಂದೆ ಹೋಗಿ ಫಿಸಿಯೋಳ ತೋಳು ಹಿಡಿದು ಮುಂದಕ್ಕೆ ಕರೆತಂದ. ಅವಳು ಬೇಡ ಬೇಡವೆಂದು ತಲೆಯಾಡಿಸುತ್ತಲೇ ಬಂದಳು. ಅವಳನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ಗಿಟಾರ್ ಕೆಳಗಿಟ್ಟು, ವೇದಿಕೆಯ ಮೆಟ್ಟಿಲು ಇಳಿದು ನಿಂತ.

ಅವಳು ನಾಲ್ಕನೆಯ ಹಾಡು ಬಾರಿಸಿದಳು. ಎರಡು ವರ್ಷ ಬಾರಿಸಿದ ಹಾಗೆಯೇ, ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಮುಗಿದೊಡನೆ ‘ಗರಗಸ, ಗರಗಸ’ ಎಂದು ಶುರುಮಾಡಿದರು, ನಿಲ್ಲಿಸಲೇ ಇಲ್ಲ. ಭಾವ ಮೈಕನ್ನು ಅಂಗೈಯಿಂದ ಮುಚ್ಚಿ ಮೆಟ್ಟಿಲ ಬಳಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. “ಬಾರೋ ಮೇಲೆ. ನೀನಿಲ್ದೆ ನನಗೆ ಹಾಡೋಕಾಗಲ್ಲ,” ಎಂದ. ಬೈದಿದ್ದರೆ ಗರಗಸ ಹೊರಟೇ ಹೋಗುತ್ತಿದ್ದನೇನೋ. ಆ ಮುಖ ನೋಡಿ ಮೆಟ್ಟಿಲು ಹತ್ತಿದ. ಫಿಸಿಯೋ ಯಾರೂ ಹೇಳದೆಯೇ ಪೆಟ್ಟಿಗೆಗಳ ಹಿಂದಕ್ಕೆ ನಡೆದಳು.

ಮರುದಿನ ಮೊಬೈಲಿನಲ್ಲಿ ಜನ ಬರೆದದ್ದನ್ನು ಅವಳೇ ಅವನಿಗೆ ಓದಿ ಹೇಳಿದಳು. ಹಿರಿಯ ಕಲಾವಿದನ ದೊಡ್ಡ ಮನಸ್ಸು, ಹೊಸಬಳಿಗೆ ಅವಕಾಶ ಕೊಟ್ಟ. ಹೆಂಗಸು ಚೆನ್ನಾಗಿಯೇ ಬಾರಿಸಿದಳು, ಆದರೆ ಆ ಒರಟುತನ ಬರಲಿಲ್ಲ. ಮುಖ್ಯವಾಗಿ ತಂತಿ ಗುಂಯ್ ಅನ್ನುವ ಜಾಗದಲ್ಲಿ.

“ನಿಮಗೆ ನನ್ನನ್ನ ಮುಂದೆ ತರಬೇಕಾಗಿತ್ತಾ ಸರ್, ಇಲ್ಲ ನೀವು ಹೊರಗೆ ಹೋಗಬೇಕಾಗಿತ್ತಾ?”

“ಹೊರಗೆ ಹೋಗಬೇಕಾಗಿತ್ತು,” ಎಂದ ಅವನು.

“ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದಳು. ಅವಳಿಗೆ ಕೋಪ ಇದ್ದಂತಿರಲಿಲ್ಲ. ಆದರೆ ಆ ತಿಂಗಳ ಕೊನೆಗೆ ಪೆಟ್ಟಿಗೆಗಳ ಹಿಂದಿನ ಕೆಲಸವನ್ನೂ ತನ್ನ ಬ್ಯಾಂಡನ್ನೂ ಒಟ್ಟಿಗೇ ಬಿಟ್ಟಳು. ಈಗ ಇನ್ನಿಬ್ಬರೊಡನೆ ನಿಧಾನದ ಹಾಡುಗಳನ್ನು ಬಾರಿಸುತ್ತಾಳೆ; ಮೂವತ್ತು ಜನ ಕೇಳುತ್ತಾರೆ. ಗರಗಸ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದ. ಎರಡನೆಯ ಹಾಡಿನ ನಡುವೆಯೇ ಪಕ್ಕದವನೊಬ್ಬ ಗುರುತು ಹಿಡಿದು ಫೋಟೊ ಕೇಳಿದ. ಇನ್ನು ನಾಲ್ಕು ಜನ ತಿರುಗಿದರು. ಅವಳ ಹಾಡು ಕೆಡಿಸಬಾರದೆಂದು ಅವನು ಎದ್ದು ಹೊರಗೆ ಬಂದುಬಿಟ್ಟ, ಮತ್ತೆ ಹೋಗಲಿಲ್ಲ.

ಭಾವ ಸುಮ್ಮನೆ ಕೂರಲಿಲ್ಲ. ಹತ್ತೊಂಬತ್ತು ಕಾರ್ಯಕ್ರಮಗಳ ರೆಕಾರ್ಡಿಂಗ್ ಹೇಗೂ ಇತ್ತು. ಅದರಿಂದ ಗಿಟಾರಿನ ದನಿಯಷ್ಟನ್ನೇ ಬೇರ್ಪಡಿಸಿ ಗುಂಡಿ ಒತ್ತಿದರೆ ತಾನೇ ಬಾರಿಸುವ ಒಂದು ಸಣ್ಣ ಪೆಟ್ಟಿಗೆಯಲ್ಲಿ ತುಂಬಿಸಿದ. ಬಳಸಲು ಅವಳೂ ಒಪ್ಪಿಗೆ ಕೊಟ್ಟಳು, ಒಂದೇ ಮಾತಿನಲ್ಲಿ: “ಅದು ಹೇಗೂ ನಂದಲ್ಲವಲ್ಲ.” ಅವಳಿದ್ದಾಗ ಡ್ರಮ್ಮಿನವನು ತಡವಾದರೆ ಅವಳು ಕಾಯುತ್ತಿದ್ದಳು. ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ. ನಾಲ್ವರು ಮುದುಕರೂ ಅದರ ಹಿಂದೆ ಏದುಸಿರು ಬಿಡುತ್ತ ಓಡಬೇಕು.

ಮೊನ್ನೆ ಭಾವ ಮುಂದಿನ ವರ್ಷದ ತಾರೀಖುಗಳ ಪಟ್ಟಿ ಹಿಡಿದು ಅಂಗಡಿಗೆ ಬಂದಿದ್ದ. ಇಪ್ಪತ್ತಾರು ಊರು. ಗರಗಸ ಎಡಗೈಯಲ್ಲೇ ಲೆನ್ಸು ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದ. ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದ.

“ಮೊದಲನೇದಕ್ಕೆ ಎಷ್ಟು ಗಂಟೆಗೆ ಹೊರಡೋದು?” ಎಂದು ಕೇಳಿದ.