ಚಿಕ್ಕಮ್ಮನ ಕೆನ್ನೆಯ ಬೆಳಕು

ನಮ್ಮ ಚಿಕ್ಕಪ್ಪನಿಗೆ ಲಾಂಡ್ರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಮುಳ್ಳಪ್ಪ ಅನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆಯುವ ಲಾಂಡ್ರಿ ಅದು. ಅಲ್ಲಿನ ಬಾಯ್ಲರ್ ನೋಡಿಕೊಳ್ಳುವುದು ಅವರ ಕೆಲಸ. ಬಾಯ್ಲರಿನ ಎದೆಯ ಮೇಲೆ ಗಡಿಯಾರದಂಥ ಒಂದು ಮೀಟರು, ಅದರೊಳಗೊಂದು ಮುಳ್ಳು. ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ಉಗಿ ಬಿಡಬೇಕು. ಹಿಂದೆ ಒಬ್ಬ ಮೇಸ್ತ್ರಿ "ಈ ಮುಳ್ಳಿಗೇನು ಗೊತ್ತು" ಅಂತ ಉಡಾಫೆ ಮಾಡಿ ಎರಡೂ ಕೈ ಸುಟ್ಟುಕೊಂಡಿದ್ದನ್ನು ಚಿಕ್ಕಪ್ಪ ಕಣ್ಣಾರೆ ಕಂಡಿದ್ದರು. ಅಂದಿನಿಂದ ಮನುಷ್ಯರ ಮಾತನ್ನು ನಂಬಿದರೆ ನಂಬಿದರು, ಬಿಟ್ಟರೆ ಬಿಟ್ಟರು. ಮುಳ್ಳಿನ ಮಾತಿಗೆ ಮಾತ್ರ ಎದುರಾಡುತ್ತಿರಲಿಲ್ಲ.

ಇಂಥವರ ಕೈಗೆ ಒಂದು ಕ್ಯಾಮೆರಾ ಸಿಕ್ಕಿತು. ಮೊಬೈಲು ಇನ್ನೂ ಕಣ್ಣಿಗೆ ಬೀಳದ ಕಾಲ. ಆಸ್ಪತ್ರೆಯ ಡಾಕ್ಟರೊಬ್ಬರು ಕೆಲಸ ಬಿಟ್ಟು ಹೋಗುವಾಗ ಕೊಟ್ಟುಹೋದದ್ದು. ಆಗಲೇ ಅದು ಮುದಿಯಾಗಿತ್ತು. ಕಣ್ಣಿಟ್ಟು ನೋಡುವ ಕಿಂಡಿಯ ಬಲಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಮುಳ್ಳು, ಅದರ ಜೊತೆಗೊಂದು ಪುಟ್ಟ ಬಳೆ. ಎದುರಿಗೆ ಬೆಳಕು ಹೆಚ್ಚಿದ್ದರೆ ಮುಳ್ಳು ಮೇಲೇಳುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಲೆನ್ಸಿನ ಉಂಗುರ ತಿರುಗಿಸಿ ಬಳೆಯನ್ನು ಮುಳ್ಳಿನ ಮೇಲೆ ಕೂರಿಸಿದರೆ ಬೆಳಕಿನ ಲೆಕ್ಕ ಸರಿ, ಗುಂಡಿ ಒತ್ತಬಹುದು. ಬಿಡುವಿನಲ್ಲೂ ಕಾಯುವುದಕ್ಕೆ ಒಂದು ಮುಳ್ಳು! ಚಿಕ್ಕಪ್ಪನ ಸಂತೋಷಕ್ಕೆ ಪಾರವಿರಲಿಲ್ಲ.

ತೆಗೆಯುವುದು ಯಾರನ್ನು? ಇದ್ದವಳು ಚಿಕ್ಕಮ್ಮ ಒಬ್ಬಳೇ. ಅವಳೂ ಅದೇ ಲಾಂಡ್ರಿಯಲ್ಲಿ ಹರಿದ ಹಾಸುಗಳಿಗೆ ಹೊಲಿಗೆ ಹಾಕುತ್ತಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಬ್ಬರೂ ತಾರಸಿಗೆ ಹೋಗುತ್ತಿದ್ದರು. ಅಲ್ಲಿ ಸಾಲುಸಾಲು ಹಗ್ಗ, ಹಗ್ಗದ ತುಂಬ ಕಣ್ಣು ಕೋರೈಸುವ ಬಿಳಿ ಹಾಸುಗಳು. ಅವುಗಳ ಮುಂದೆ ಚಿಕ್ಕಮ್ಮನನ್ನು ನಿಲ್ಲಿಸಿ, ದೂರದಿಂದ ಮುಳ್ಳು ನೋಡಿ, ಬಳೆ ಕೂರಿಸಿ, ಚಿಕ್ಕಪ್ಪ ಗುಂಡಿ ಒತ್ತುತ್ತಿದ್ದರು. ಪ್ರತಿ ಸಲವೂ ಹಾಸಿನ ಒಂದೊಂದು ಮಡಿಕೆಯೂ ಅಚ್ಚುಕಟ್ಟಾಗಿ ಬರುತ್ತಿತ್ತು. ಚಿಕ್ಕಮ್ಮನ ಮುಖ ಇದ್ದ ಕಡೆ ಮಸಿ ಬಳಿದಂತಿರುತ್ತಿತ್ತು.

ಚಿಕ್ಕಮ್ಮ ಕಪ್ಪು. ಒಳ್ಳೆಯ ಹೊಳಪಿನ, ಬಿಸಿಲಿಗೆ ಬಂದರೆ ಕೆನ್ನೆಯಲ್ಲಿ ಕೆಂಪು ಕಾಣುವ ಕಪ್ಪು. ಫೋಟೋದಲ್ಲಿ ಅದ್ಯಾವುದೂ ಇಲ್ಲ. ಬಂಧುಗಳು ನೋಡಿ ನಕ್ಕರು. ಓದಲೆಂದು ಅವರ ಮನೆಯಲ್ಲೇ ಇದ್ದ ನಾನೂ ಒಂದು ಸಲ "ಇದರಲ್ಲಿ ಚಿಕ್ಕಮ್ಮ ಎಲ್ಲಿ?" ಅಂತ ಕೇಳಿ ಹಲ್ಲು ಕಿರಿದಿದ್ದೆ. ಆ ಮಾತು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವಳು ಮಾತ್ರ "ನನ್ನ ಮುಖಾನೇ ಫೋಟೋಗೆ ಆಗಿಬರಲ್ಲ ಬಿಡಿ" ಅಂದಳು. ಆಮೇಲಾಮೇಲೆ ಗಂಡನ ಮನಸ್ಸಿಗೆ ನೋವಾಗದಿರಲೆಂದು ನಿಲ್ಲುತ್ತಿದ್ದಳು, ಅಷ್ಟೆ. ಬೇರೆ ಯಾರಾದರೂ ಕ್ಯಾಮೆರಾ ಎತ್ತಿದರೆ ಎಲ್ಲರ ಹಿಂದೆ ಸರಿಯುತ್ತಿದ್ದಳು. ಹೀಗೇ ಇಪ್ಪತ್ತೆರಡು ವರ್ಷ.

ಆ ವರ್ಷ ಅವಳ ಬಲಗಿವಿಯ ಮುಂದೆ ಒಂದು ಗಂಟು ಎದ್ದಿತು. ತೆಗೆಸಲೇಬೇಕು, ಶುಕ್ರವಾರ ಆಪರೇಷನ್ ಅಂದರು ಡಾಕ್ಟರು. ಜೀವಕ್ಕೇನೂ ಭಯವಿಲ್ಲ. ಆದರೆ ನಗುವಾಗ ತುಟಿ ಎತ್ತುವ ನರ ಆ ಗಂಟಿನೊಳಗೇ ಹಾದುಹೋಗಿದೆ, ಅದನ್ನು ಉಳಿಸುವುದು ಕಷ್ಟ. ಮುಖದ ಒಂದು ಪಕ್ಕ ಬಿದ್ದುಹೋಗಬಹುದು.

ಚಿಕ್ಕಪ್ಪ ಮನೆಗೆ ಬಂದವರೇ ಫೋಟೋಗಳ ಡಬ್ಬಿ ಸುರುವಿಕೊಂಡು ಕೂತರು. ಅವಳ ನಗು ಕಾಣುವ ಒಂದೇ ಒಂದು ಚಿತ್ರ ಅವರಿಗೆ ಬೇಕಿತ್ತು. ಡಬ್ಬಿ ಬರಿದಾಯಿತು, ಅಂಥದೊಂದು ಸಿಗಲಿಲ್ಲ.

ಸೋಮವಾರ, ಕ್ಯಾಮೆರಾದಲ್ಲಿದ್ದ ರೋಲನ್ನು ಫೋಟೋ ಅಂಗಡಿಯಲ್ಲಿ ತೊಳೆಸಿ ಪ್ರಿಂಟ್ ಹಾಕಿಸಿಕೊಂಡು ಬಾ ಅಂತ ನನ್ನನ್ನು ಕಳಿಸಿದರು. ಅದರಲ್ಲೂ ಅದೇ ಮಸಿ. ಪ್ರಿಂಟ್ ಹಾಕುವವನ ಮೇಲೇ ರೇಗಿದೆ. ಆತ ತಾಳ್ಮೆಯ ಮನುಷ್ಯ. ಫಿಲ್ಮನ್ನು ದೀಪಕ್ಕೆ ಹಿಡಿದು ತೋರಿಸಿದ.

"ನೋಡಮ್ಮ, ಮುಖ ಫಿಲ್ಮಿಗೇ ಬಿದ್ದಿಲ್ಲ. ನಾನೆಲ್ಲಿಂದ ತರಲಿ? ಎಲ್ಲಿ ತೆಗೀತಾರೆ ಇವರು?"

ತಾರಸಿಯ ವಿಷಯ ಹೇಳಿದೆ. ಆತ ಹಣೆ ಚಚ್ಚಿಕೊಂಡ.

"ಆ ಮುಳ್ಳಿಗೆ ಯಾವುದು ಬಟ್ಟೆ, ಯಾವುದು ಮುಖ ಅಂತ ಗೊತ್ತಾಗುತ್ತಾ? ಎದುರಿಗೆ ಏನಿದ್ರೂ ಅದು ಬೂದು ಬಣ್ಣ ಅಂದ್ಕೊಂಡೇ ಲೆಕ್ಕ ಹಾಕೋದು. ಅಷ್ಟೊಂದು ಬಿಳಿ ಕಂಡ್ರೆ, ಬೆಳಕು ವಿಪರೀತ ಇದೆ, ಲೆನ್ಸಿನ ಬಾಯಿ ಕಿರಿದು ಮಾಡು ಅನ್ನುತ್ತೆ. ಬಟ್ಟೆ ಚೆನ್ನಾಗಿ ಬರುತ್ತೆ, ಪಾಪ, ಆ ಅಮ್ಮ ಕತ್ತಲೆಯಲ್ಲಿ ಉಳೀತಾರೆ. ಹತ್ತಿರ ಹೋಗ್ಬೇಕು. ಕಿಂಡಿ ತುಂಬ ಕೆನ್ನೆ ಒಂದೇ ಕಾಣೋ ಹಾಗೆ ಹಿಡಿದು ಮುಳ್ಳು ನೋಡ್ಬೇಕು. ಬಳೆ ಕೂರಿಸಿ, ಆಮೇಲೆ ಉಂಗುರ ಮುಟ್ಟದೆ ಹಿಂದಕ್ಕೆ ಬಂದು ತೆಗೀಬೇಕು."

ಅಂಗಡಿಯಲ್ಲಿ ಉಳಿದಿದ್ದದ್ದು ಹನ್ನೆರಡು ಚಿತ್ರದ ಒಂದು ರೋಲು. ತಂದು ಕೊಟ್ಟು, ಆತ ಹೇಳಿದ್ದನ್ನು ಹಾಗೇ ಹೇಳಿದೆ. ಚಿಕ್ಕಪ್ಪ ಡಬ್ಬಿಯ ಫೋಟೋಗಳನ್ನು ಒಂದೊಂದಾಗಿ ಮತ್ತೆ ತೆಗೆದು ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಇವಳೇ, ತಪ್ಪು ನಿನ್ನ ಮುಖದ್ದಲ್ಲ ಕಣೆ. ನನ್ನದು. ನಾನು ಇಷ್ಟು ವರ್ಷ ಬಟ್ಟೆ ಅಳೆದೆ, ನಿನ್ನ ಅಳೀಲಿಲ್ಲ."

ಚಿಕ್ಕಮ್ಮ ತಿರುಗಿ ನೋಡಿದಳು. ಸಮಾಧಾನದ ಮಾತು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

"ಇಪ್ಪತ್ತೆರಡು ವರ್ಷ! ನನ್ನ ತಂಗಿ ಮಗಳ ಮದುವೇಲಿ ಕಂಬದ ಹಿಂದೆ ನಿಂತಿದ್ದೆ, ಗೊತ್ತಾ ನಿಮಗೆ? ಫೋಟೋ ಕೆಡುತ್ತೆ ಅಂತ. ಯಾರಾದ್ರೂ ಬಲ್ಲವರನ್ನ ಒಂದು ಮಾತು ಕೇಳೋಕೆ ನಿಮಗೇನಾಗಿತ್ರೀ?"

ಏನಾಗಿತ್ತು ಅಂದರೆ, ಮುಳ್ಳು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಅಭ್ಯಾಸವೇ ಅವರಿಗಿರಲಿಲ್ಲ. ಆ ಹೊತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನವೆಲ್ಲ ಅವಳು ಮಾತು ಬಿಟ್ಟಳು.

ಬುಧವಾರ ಮಧ್ಯಾಹ್ನ ಅವಳೇ ತಾರಸಿ ಹತ್ತಿದಳು. ಶುಕ್ರವಾರದ ಭಯ ಅವಳಿಗೂ ಇತ್ತಲ್ಲ. ನನಗೆ ಕಾಲೇಜಿಲ್ಲದ ದಿನ, ನಾನೂ ಹೋಗಿದ್ದೆ. ಸ್ಟೂಲಿನ ಮೇಲೆ ಕೂತು "ಬೇಗ ತೆಗೀರಿ" ಅಂದಳು.

ಚಿಕ್ಕಪ್ಪ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಒಂದೊಂದೇ ಹೆಜ್ಜೆ ಮುಂದೆ ಬಂದರು. ಲೆನ್ಸು ಅವಳ ಕೆನ್ನೆಗೆ ಒಂದು ಗೇಣಿನಷ್ಟು ಹತ್ತಿರವಾಯಿತು. ಮುಳ್ಳು ಕೆಳಗಿಳಿಯಿತಂತೆ, ಅಷ್ಟು ಕೆಳಗಿಳಿದದ್ದನ್ನು ತಾರಸಿಯಲ್ಲಿ ಅವರು ಕಂಡೇ ಇರಲಿಲ್ಲವಂತೆ. ಹಾಡಹಗಲಲ್ಲಿ, ಬೆಳೆದ ಹುಡುಗಿಯಾದ ನನ್ನ ಎದುರಿಗೆ, ಗಂಡ ಹೀಗೆ ಮೈಮೇಲೆ ಬಂದದ್ದು ಅವಳಿಗೆ ಮುಜುಗರವಾಯಿತು.

"ಏನ್ರೀ ಇದು, ಬೆಳಕು ನೋಡ್ತೀರೋ ಮುತ್ತು ಕೊಡ್ತೀರೋ?" ಅಂದು ಪಕಪಕನೆ ನಕ್ಕಳು.

ನಗು ಬಂತು. ಚಿಕ್ಕಪ್ಪ ಉಂಗುರ ತಿರುಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಸರಿಯಾಗಿ ಹಿಡಿಯುವಷ್ಟರಲ್ಲಿ ಹೋಯಿತು. ಅಷ್ಟು ದೂರದಲ್ಲಿ ಕ್ಯಾಮೆರಾ ಕಂಡ ಕೂಡಲೇ ಅವಳ ಮುಖ ಹಳೆಯ ಅಭ್ಯಾಸದಂತೆ ಬಿಗಿದುಕೊಂಡಿತು. ಮತ್ತೆ ಹತ್ತಿರ, ಮತ್ತೆ ನಗು. ಮತ್ತೆ ದೂರ, ಮತ್ತೆ ಗುರುತಿನ ಚೀಟಿಯ ಮುಖ. ಹೀಗೆ ಹನ್ನೊಂದು ಚಿತ್ರ ಖರ್ಚಾದವು. ಮೆಟ್ಟಿಲ ಕೆಳಗೆ ಬಿಡುವು ಮುಗಿದ ಗಂಟೆ ಹೊಡೆಯಿತು. ನನಗೆ ಅಳು ಬರುವುದೊಂದು ಬಾಕಿ.

ಹನ್ನೆರಡನೆಯ ಸಲ ಚಿಕ್ಕಪ್ಪ ಹತ್ತಿರ ಹೋದರು, ಬಳೆ ಕೂರಿಸಿದರು, ಹಿಂದೆ ಬರಲಿಲ್ಲ. ಅಲ್ಲೇ ನಿಂತು, ಅವಳು ನಗುತ್ತಿದ್ದ ಹಾಗೇ, ಗುಂಡಿ ಒತ್ತಿಬಿಟ್ಟರು.

ಗುರುವಾರ ಸಂಜೆ ಪ್ರಿಂಟ್ ತಂದೆ. ಅಷ್ಟು ಹತ್ತಿರದಿಂದ ತೆಗೆದದ್ದು, ಸ್ಪಷ್ಟವಾಗಿರಲಿಲ್ಲ. ಕಿವಿ ಚೌಕಟ್ಟಿನಿಂದ ಆಚೆ ಹೋಗಿತ್ತು, ರೆಪ್ಪೆಗಳು ಕಲಸಿಹೋಗಿದ್ದವು. ಆದರೆ ಕೆನ್ನೆಯ ಕಪ್ಪು ಇತ್ತು, ಕಪ್ಪಿನೊಳಗಿನ ಕೆಂಪು ಇತ್ತು, ಎರಡೂ ಕಡೆಗೆ ಎತ್ತಿದ ತುಟಿ ಇತ್ತು. ಚಿಕ್ಕಮ್ಮ ಕಿಟಕಿಯ ಹತ್ತಿರ ಹೋಗಿ ತಿರುಗಿಸಿ ತಿರುಗಿಸಿ ನೋಡಿದಳು. "ಪರವಾಗಿಲ್ವಲ್ಲ ನಾನು" ಅಂದಳು.

ಶುಕ್ರವಾರ ಅವಳನ್ನು ಗಾಲಿಮಂಚದಲ್ಲಿ ಆಪರೇಷನ್ನಿಗೆ ಕರೆದುಕೊಂಡು ಹೋಗುವಾಗಲೂ ಹಾಸಿನ ಅಂಚು ಮುಟ್ಟಿ ನೋಡಿ, "ಇದು ನನ್ನ ಹೊಲಿಗೇನೇ, ಬಿಚ್ಚಲ್ಲ" ಅಂದಳು. ಗಂಟು ಹೋಯಿತು. ನರ ಉಳಿಯಲಿಲ್ಲ.

ಬ್ಯಾಂಡೇಜ್ ಬಿಚ್ಚಿದ ದಿನ, ಮನೆಯಲ್ಲಿ ಕನ್ನಡಿಯ ಮುಂದೆ ತುಂಬ ಹೊತ್ತು ಕೂತಿದ್ದಳು. ನಗಲು ನೋಡಿದಳು. ಎಡಗಡೆಯ ತುಟಿ ಎದ್ದಿತು, ಬಲಗಡೆಯದು ಇದ್ದಲ್ಲೇ ಇತ್ತು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದರು. ಅವಳಿನ್ನು ಜನರೆದುರು ಬರುವುದೇ ಇಲ್ಲವೇನೋ ಅಂತ ನಾನು ಹೆದರಿದ್ದೆ.

"ಕ್ಯಾಮೆರಾ ತನ್ನಿ" ಅಂದಳು ಚಿಕ್ಕಮ್ಮ.

ಚಿಕ್ಕಪ್ಪ ಹೊಸ ರೋಲು ಹಾಕಿಟ್ಟಿದ್ದ ಕ್ಯಾಮೆರಾ ತಂದರು. ಅವಳು ಬೆಳಕಿಗೆ ತಿರುಗಿ ಕೂತಳು, ಬಿದ್ದುಹೋದ ಪಕ್ಕವನ್ನೇ ಅವರ ಕಡೆ ಮಾಡಿ.

"ಈ ಕಡೆಯಿಂದ ತೆಗೀರಿ. ಇದೂ ನನ್ನ ಮುಖಾನೇ ಅಲ್ವಾ?"

ಅವರು ಹತ್ತಿರ ಹೋದರು. ಉಂಗುರ ತಿರುಗಿಸಿದರು, ವಾಪಸ್ಸು ತಿರುಗಿಸಿದರು. ಕ್ಯಾಮೆರಾ ಇಳಿಸಿ ಕಿಂಡಿಯ ಗಾಜು ಒರೆಸಿ ಮತ್ತೆ ಹಿಡಿದರು. ಕೊನೆಗೆ ಸಣ್ಣ ದನಿಯಲ್ಲಿ, "ಮುಳ್ಳೇ ಕಾಣ್ತಿಲ್ಲ ಕಣೆ" ಅಂದರು.

"ಗಾಜಲ್ಲ, ಮೊದಲು ಕಣ್ಣು ಒರೆಸ್ಕೊಳ್ಳಿ" ಅಂದಳು ಚಿಕ್ಕಮ್ಮ. "ನಿಧಾನವಾಗಿ ನೋಡಿ. ನಾನೆಲ್ಲಿಗೆ ಹೋಗ್ತೀನಿ, ಇಲ್ಲೇ ಕೂತಿರ್ತೀನಿ."