ನೀಲಾಳ ಕಾಲಿಗೆ ಎರಡು ಪಾಠ

“ಮಾಮಾ, ಇವತ್ತು ಬರ್ತೈತಿ ಅನ್ಲೋ, ಬರಂಗಿಲ್ಲ ಅನ್ಲೋ?”

ನನ್ನ ಅಕ್ಕನ ಮಗಳು ನೀಲಾ ಮೊನ್ನೆ ಬಳ್ಳಾರಿಯ ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿಗೇ ಹೀಗೆ ಕೇಳಿಬಿಟ್ಟಳು. ಅವರು ಕೇಳಿದ್ದು ಇಷ್ಟೇ: “ಮೆಟ್ಟಿಲು ಹತ್ತೋಕೆ ಬರುತ್ತೇನಮ್ಮಾ?” ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ತಪ್ಪು ಆಕೆಯದಲ್ಲ. ಪೋಲಿಯೋದಿಂದ ಎಡಗಾಲು ಸಣ್ಣದು. ಮೊಣಕಾಲಿನ ಮೇಲೆ ಕೈಯೂರಿ ನಡೆಯುತ್ತಾಳೆ. ಕುರುಗೋಡಿನಿಂದ ದಿನಾ ಬಳ್ಳಾರಿಗೆ ಬಂದು ಹೊಲಿಗೆ ಕಲಿಯಬೇಕೆಂಬ ಹಟ. ಬಸ್ ಪಾಸಿಗೆ ಸರ್ಟಿಫಿಕೇಟ್ ಬೇಕು. ಅದಕ್ಕೆ ಡಾಕ್ಟರಿಂದ ಕಾಲಿನ ಊನಕ್ಕೆ ಇಷ್ಟು ಅಂತ ಪರ್ಸೆಂಟ್ ಹಾಕಿಸಬೇಕು. (ಫೇಲಾದಷ್ಟೂ ಲಾಭವಿರುವ ಪರೀಕ್ಷೆ ಇದೊಂದೇ ಇರಬೇಕು!) ಹಾಗಾಗಿ ದಾರಿಯುದ್ದಕ್ಕೂ ಪಾಠ ಮಾಡಿದ್ದೆ: “ಏನ್ ಕೇಳಿದ್ರೂ ಬರಂಗಿಲ್ರಿ ಅನ್ನು.”

ಹೋದ ವಾರ ಇದೇ ನಾನು ಬೇರೆ ಪಾಠ ಮಾಡಿದ್ದೆ. ಸಿರುಗುಪ್ಪದವರು ಹೆಣ್ಣು ನೋಡಲು ಬಂದಿದ್ದರು. ಅವರು ಬರುವ ಮೊದಲೇ ನೀಲಾಳನ್ನು ಚಾಪೆಯ ಮೇಲೆ ಕೂಡಿಸಿ, ಕಾಲು ಮುಚ್ಚುವಂತೆ ಸೀರೆ ಸರಿಮಾಡಿಸಿ, “ಏನ್ ಕೇಳಿದ್ರೂ ಬರ್ತೈತ್ರಿ ಅನ್ನು” ಎಂದಿದ್ದೆ. ಕಾಲಿನ ಸುದ್ದಿ ನಾವು ಎತ್ತಲೇ ಇಲ್ಲ. (ಮುಂದೆ ಗೊತ್ತಾದರೆ? ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆವು.)

ಡಾಕ್ಟರು ನನ್ನ ಮುಖ ನೋಡಲಿಲ್ಲ. “ನಿಜ ಏನಿದೆಯೋ ಅದನ್ನ ಹೇಳಮ್ಮಾ” ಎಂದರು.

“ಗ್ವಾಡಿ ಹಿಡ್ಕೊಂಡು ಹತ್ತತೀನ್ರಿ. ನೀರು ಅರ್ಧ ಕೊಡ ತರತೀನಿ. ಬಸ್ಸಿನ ಮೆಟ್ಲ ಮಾತ್ರ ಭಾಳ ಎತ್ತರ ಐತ್ರಿ. ಯಾರಾರ ಕೈ ಕೊಟ್ರ ಅದೂ ಆಗತೈತಿ.”

“ಇದನ್ನೆಲ್ಲ ಬರೆಯೋಕೆ ಈ ಫಾರಂನಲ್ಲಿ ಜಾಗ ಇಲ್ಲ ತಾಯಿ. ಕಾಲಿಗೆ ಮಾತ್ರ ಇದೆ” ಎನ್ನುತ್ತಾ ಅವರು ಟೇಪು ಹಿಡಿದು ಅಳೆದರು. ಪಾಸಿಗೆ ಬೇಕಾದಷ್ಟು ಪರ್ಸೆಂಟ್ ಬಂತು. ಸುಳ್ಳು ಬೇಕೇ ಇರಲಿಲ್ಲ!

ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತಲ್ಲವೇ? ಎಲ್ಲಿಂದ ಬರಬೇಕು!

ಬಸ್ ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸು ನಿಂತಿತ್ತು. ಮೊದಲು ನಾನು ಹತ್ತಿ, ನೀಲಾಳಿಗೆ ಕೈ ಚಾಚಿದೆ. ಹಾಗೇ ಒಳಗೆ ಕಣ್ಣು ಹೋಯಿತು. ಮುಂದಿನ ಸೀಟಿನಲ್ಲೇ, ಹೋದ ವಾರ ಹೆಣ್ಣು ನೋಡಲು ಬಂದಿದ್ದ ಸಿರುಗುಪ್ಪದ ಗಂಡಿನ ಸೋದರಮಾವ! ಪುಣ್ಯಕ್ಕೆ ಆ ಕಡೆಯ ಕಿಟಕಿಯಲ್ಲಿ ಶೇಂಗಾ ಕೊಳ್ಳುತ್ತಿದ್ದರು.

ಚಾಚಿದ ಕೈ ಹಿಂದಕ್ಕೆ ಬಂತು. ಕೆಳಗಿಳಿದೆ. “ಭಾಳ ರಶ್ ಐತಿ, ಇದು ಬ್ಯಾಡವ್ವಾ” ಎಂದೆ. ಅರ್ಧ ಬಸ್ಸು ಖಾಲಿ ಇತ್ತು.

ನೀಲಾ ಕಿಟಕಿಯತ್ತ ನೋಡಿದಳು. ಅವರನ್ನು ಗುರುತು ಹಿಡಿದಳು. ಬಸ್ಸು ಹೊರಟುಹೋಯಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆಕೆ ಸರ್ಟಿಫಿಕೇಟನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾ, ಸಿಟ್ಟಿಲ್ಲದೆ ಕೇಳಿದಳು:

“ಪಾಸ್ ಬಂದಮ್ಯಾಲೆ ನಾ ಯಾವ ಬಸ್ ಹತ್ತಲಿ, ಮಾಮಾ?”